ನಿಂತುಹೋದ ಚೈನ್ ಟ್ರ್ಯಾಕ್ಟರನ್ನು ಮತ್ತೆ ನಡೆಸುವ ಬಗೆ

ತೋಟದ ಮನೆಯ ಹಿಂದೆ, ಹೊಂಗೆ ಮರದಡಿಯಲ್ಲಿ ಹತ್ತಾರು ವರ್ಷಗಳಿಂದ ನಿಂತಿರುವ ಹಳೆಯ ಚೈನ್ ಟ್ರ್ಯಾಕ್ಟರೊಂದು ನಿಮ್ಮಲ್ಲಿದ್ದರೆ, ಅದನ್ನು ಗುಜರಿಗೆ ಹಾಕುವ ಮುನ್ನ ಈ ಲೇಖನವನ್ನು ಓದಿರಿ. ಆತುರದಿಂದ ಚಾಲೂ ಮಾಡಹೊರಟವರೂ ಓದುವುದು ಒಳ್ಳೆಯದು. ಏಕೆಂದರೆ ಇಂಥ ಯಂತ್ರಗಳು ನಿಂತಲ್ಲಿ ಕೆಡುವುದಕ್ಕಿಂತ, ಸಿದ್ಧತೆಯಿಲ್ಲದೆ ಚಾಲೂ ಮಾಡಿದ ದಿನ ಕೆಡುವುದೇ ಹೆಚ್ಚು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸೈನ್ಯಕ್ಕೆ ಬೇಡವಾದ ಚೈನ್ ಟ್ರ್ಯಾಕ್ಟರುಗಳನ್ನು ಕೂಡಿಸಿಕೊಂಡು ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಮಧ್ಯ ಭಾರತದ ಕಾನ್ಸ್ ಹುಲ್ಲಿನ ಭೂಮಿಯನ್ನು ಹಸನು ಮಾಡತೊಡಗಿತು. ಈ ಕೆಲಸದ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕು ಸಾಲ ನೀಡಿತು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದ 1964ರಲ್ಲೇ ಬೆಂಗಳೂರಿನಲ್ಲಿ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯೂ ಸ್ಥಾಪನೆಯಾಗಿ, ಮುಂದೆ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳು ತಯಾರಾದವು.

ಚೈನಿನ ಅಗಲದ ಮೇಲೆ ಭಾರ ಹಂಚಿಹೋಗುವುದರಿಂದ ಈ ಯಂತ್ರವು ಮಣ್ಣನ್ನು ಹೆಚ್ಚು ಅದುಮದೆ, ಜಾರದೆ ಎಳೆಯುತ್ತದೆ. ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ನೀಲಗಿರಿ ತೆಗೆದ ಹೊಲದಲ್ಲಿ ಬುಡ ಕೀಳಲು, ಬದು ಹಾಕಲು ಇದು ಇಂದಿಗೂ ತಕ್ಕದ್ದು.

ಮೊದಲು ತೀರ್ಮಾನ

ದುರಸ್ತಿಗೆ ಹಣ ಹಾಕುವ ಮೊದಲು ಮೂರು ಅಂಶಗಳನ್ನು ಪರೀಕ್ಷಿಸಿರಿ. ಎಂಜಿನ್ ಬ್ಲಾಕು ಒಡೆದಿದೆಯೇ? ಎಂಜಿನ್ ಕೈಯಿಂದ ತಿರುಗುತ್ತದೆಯೇ? ಚೈನಿನ ಪಿನ್ನು, ಬುಷ್ಷು, ರೋಲರುಗಳು ಎಷ್ಟು ಸವೆದಿವೆ? ನಮ್ಮ ಕೆಂಪು ಮಣ್ಣಿನ ಮರಳು ಚೈನಿಗೆ ಅರದಂತೆ ಕೆಲಸ ಮಾಡುತ್ತದೆ. ಎಂಜಿನ್ ದುರಸ್ತಿಗಿಂತ ಚೈನಿನ ಖರ್ಚೇ ಹೆಚ್ಚಾಗುವುದುಂಟು. ಬ್ಲಾಕು ಒಡೆದು, ಚೈನೂ ಸವೆದಿದ್ದರೆ ಆಸೆ ಬಿಡುವುದೇ ಜಾಣತನ. ವರ್ಷಕ್ಕೆ ನಾಲ್ಕು ದಿನದ ಕೆಲಸವಷ್ಟೇ ಇದ್ದರೆ ಬಾಡಿಗೆ ಯಂತ್ರವೇ ಅಗ್ಗ.

ಬಿಗಿದ ಎಂಜಿನನ್ನು ಬಿಡಿಸುವುದು

ಹೊಗೆ ಕೊಳವೆಯಲ್ಲಿ ಇಲಿ, ಕಣಜಗಳ ಗೂಡಿದ್ದರೆ ಮೊದಲು ತೆಗೆಯಿರಿ. ಎಂಜಿನ್ ಎಣ್ಣೆಯ ತಿರುಪನ್ನು ನಿಧಾನವಾಗಿ ಸಡಿಲಿಸಿ. ಮೊದಲು ನೀರು ಬಂದರೆ, ಅದು ಎಲ್ಲಿಂದ ಒಳಸೇರಿತೆಂದು ತಿಳಿಯುವವರೆಗೆ ಮುಂದುವರಿಯಬೇಡಿ.

ಅನಂತರ ನಾಜಲುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಎಣ್ಣೆಯ ಸಮಪಾಲು ಮಿಶ್ರಣವನ್ನು ಸ್ವಲ್ಪ ಸುರಿದು ಒಂದು ವಾರ ಬಿಡಿರಿ. ವಾಲ್ವುಗಳ ಮುಚ್ಚಳ ತೆಗೆದು, ಅಂಟಿಕೊಂಡ ವಾಲ್ವುಗಳಿಗೆ ಎಣ್ಣೆ ಬಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಗೇರು ನ್ಯೂಟ್ರಲ್‌ನಲ್ಲಿರಲಿ. ನಾಜಲುಗಳು ಹೊರಗಿರುವಾಗಲೇ ಎಂಜಿನನ್ನು ಹಾರೆಯಿಂದ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸಿರಿ.

ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಚಾಲೂ ಮಾಡುವುದು ಸರ್ವಥಾ ಸಲ್ಲದು. ಸಿಲಿಂಡರಿನಲ್ಲಿ ನಿಂತ ನೀರು ಅದುಮಿದರೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡು ಬಾಗುತ್ತದೆ. ಒಂದು ವಾರದ ತಾಳ್ಮೆ ಉಳಿಸಬಹುದಾಗಿದ್ದ ಎಂಜಿನು ಒಂದು ಕ್ಷಣದಲ್ಲಿ ಗುಜರಿಯಾಗುತ್ತದೆ.

ಡೀಸೆಲ್ ಮತ್ತು ನೀರು

ಹಳೆಯ ಡೀಸೆಲನ್ನು ಪೂರ್ತಿ ಚೆಲ್ಲಿ, ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿರಿ. ಇಂಧನ ಪಂಪಿನ ರ‍್ಯಾಕು ಸರಾಗವಾಗಿ ಜಾರುವಂತಿರಬೇಕು. ಅದು ಪೂರ್ಣ ಇಂಧನದ ಕಡೆ ಅಂಟಿಕೊಂಡಿದ್ದರೆ ಎಂಜಿನ್ ಚಾಲೂ ಆದೊಡನೆ ಹಿಡಿತ ತಪ್ಪಿ ಓಡುತ್ತದೆ. ಪಂಪು, ನಾಜಲುಗಳ ಪರೀಕ್ಷೆಯನ್ನು ಪರಿಣತರಿಗೇ ಬಿಡುವುದು ಮೇಲು.

ರೇಡಿಯೇಟರಿಗೆ ಕೊಳವೆ ಬಾವಿಯ ಗಡಸು ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ. ಶೇಖರಿಸಿದ ಮಳೆ ನೀರು ಉತ್ತಮ.

ಮರಿ ಎಂಜಿನ್

ಕ್ಯಾಟರ್ಪಿಲರ್ ಡಿ2, ಡಿ4ರಂಥ ಹಳೆಯ ಮಾದರಿಗಳಲ್ಲಿ ಡೀಸೆಲ್ ಎಂಜಿನನ್ನು ಎಬ್ಬಿಸಲು ಎರಡು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಎಂಜಿನ್ ಇರುತ್ತದೆ. ಇದರ ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲು ಅರಗಿನಂತೆ ಗಟ್ಟಿಯಾಗಿರುತ್ತದೆ, ಬಿಚ್ಚಿ ತೊಳೆಯಿರಿ. ಮ್ಯಾಗ್ನೆಟೋದ ಪಾಯಿಂಟುಗಳನ್ನು ಶುಚಿಗೊಳಿಸಿರಿ. ಇದಕ್ಕೆ ಪ್ರತ್ಯೇಕ ಎಣ್ಣೆಯಿದೆ ಎಂಬುದನ್ನು ಮರೆಯಬೇಡಿ. ಎಣ್ಣೆಗೆ ಪೆಟ್ರೋಲಿನ ವಾಸನೆ ಬಂದರೆ ಕಾರ್ಬುರೇಟರು ಸೋರಿ ಎಣ್ಣೆ ತೆಳುವಾಗಿದೆ ಎಂದರ್ಥ, ಬದಲಿಸಿರಿ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರು, ಬಿರಡೆಗಳನ್ನು ಕೆಡಿಸಬಲ್ಲದು. ಆದುದರಿಂದ ಕೆಲಸ ಮುಗಿದ ಮೇಲೆ ಪೆಟ್ರೋಲಿನ ನಲ್ಲಿ ಮುಚ್ಚಿ, ಉಳಿದುದನ್ನು ಬಸಿದುಬಿಡಿ.

ಚೈನು ಮತ್ತು ಸ್ಟೀರಿಂಗ್ ಕ್ಲಚ್ಚು

ಈ ಟ್ರ್ಯಾಕ್ಟರಿಗೆ ಸ್ಟೀರಿಂಗ್ ಚಕ್ರವಿಲ್ಲ. ಎಡಕ್ಕೊಂದು, ಬಲಕ್ಕೊಂದು ಕ್ಲಚ್ಚು ಇರುತ್ತವೆ. ಬಹುಕಾಲ ನಿಂತರೆ ಇವುಗಳ ತಟ್ಟೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಯಂತ್ರ ಮುಂದೆ ಹೋದೀತೇ ಹೊರತು ತಿರುಗದು. ಕ್ಲಚ್ಚಿನ ಕೋಣೆಯ ಕೆಳಗಿನ ತಿರುಪು ಬಿಚ್ಚಿ ನೀರು ಬಸಿಯಿರಿ. ಸನ್ನೆಗಳನ್ನು ಹಿಂದಕ್ಕೆಳೆದು ಕಟ್ಟಿ ಕೆಲವು ದಿನ ಬಿಡಿರಿ.

ಚೈನು ಮೇಲುಭಾಗದಲ್ಲಿ ಸ್ವಲ್ಪ ಜೋಲುವಂತಿರಬೇಕು. ಎಷ್ಟೆಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ. ಸಣ್ಣ ಯಂತ್ರಗಳಲ್ಲಿ 25ರಿಂದ 40 ಮಿ.ಮೀ. ಸಾಮಾನ್ಯ. ಮುಂದಿನ ಚಕ್ರದ ಹಿಂದಿರುವ ದೊಡ್ಡ ಸ್ಪ್ರಿಂಗನ್ನು ಮನೆಯಲ್ಲಿ ಎಂದೂ ಬಿಚ್ಚಬೇಡಿ. ಅದು ಅಪಾರ ಒತ್ತಡದಲ್ಲಿರುತ್ತದೆ, ಸಿಡಿದರೆ ಪ್ರಾಣಾಪಾಯ. ಸವೆದ ಪಿನ್ನು, ಬುಷ್ಷುಗಳನ್ನು ಮಾದರಿ ಕೊಟ್ಟರೆ ಯಶವಂತಪುರದಾಚೆಯ ಪೀಣ್ಯದ ಲೇತ್ ಕಾರ್ಖಾನೆಗಳಲ್ಲಿ ಮಾಡಿಸಬಹುದು. ಕಬ್ಬಿಣವನ್ನು ಸರಿಯಾಗಿ ಹದಗೊಳಿಸದಿದ್ದರೆ ಮಾತ್ರ ಅವು ಬೇಗ ಸವೆಯುತ್ತವೆ.

ಚಾಲೂ ಮಾಡುವ ದಿನ

ಯಂತ್ರದ ಮುಂದೆ ಬಾವಿ, ಗೋಡೆ, ದನಕರು, ಮಕ್ಕಳು ಇರಬಾರದು. ಕ್ಲಚ್ಚು ಅಂಟಿದ್ದರೆ ನಿಲ್ಲಿಸುವುದು ಕಷ್ಟ. ಕೆಳಗಿನ ಕ್ರಮವನ್ನು ತಪ್ಪದೆ ಅನುಸರಿಸಿರಿ.

1. ಹೊಸ ಎಣ್ಣೆ, ನೀರು ತುಂಬಿ, ನಾಜಲುಗಳನ್ನು ಕೂಡಿಸಿ, ಇಂಧನದ ಕೊಳವೆಗಳಲ್ಲಿನ ಗಾಳಿ ತೆಗೆಯಿರಿ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿರಿ.

2. ಡೀಸೆಲ್ ಮುಚ್ಚಿ, ಕಂಪ್ರೆಷನ್ ಬಿಡುವ ಸನ್ನೆಯನ್ನು ತೆರೆದಿಟ್ಟು, ಮರಿ ಎಂಜಿನಿನಿಂದ ದೊಡ್ಡ ಎಂಜಿನನ್ನು ತಿರುಗಿಸಿರಿ. ಎಣ್ಣೆಯ ಒತ್ತಡದ ಮುಳ್ಳು ಏರುವವರೆಗೆ ಕಾಯಿರಿ. ಏರದಿದ್ದರೆ ನಿಲ್ಲಿಸಿ ಕಾರಣ ಹುಡುಕಿರಿ.

3. ಮುಳ್ಳು ಏರಿದ ಮೇಲೆ ಸನ್ನೆಯನ್ನು ಮುಚ್ಚಿ, ಎಂಜಿನ್ ಬೆಚ್ಚಗಾದ ಬಳಿಕ ಡೀಸೆಲ್ ಕೊಡಿರಿ.

4. ಗಾಳಿ ಒಳಹೋಗುವ ಬಾಯಿಯ ಬಳಿ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಎಂಜಿನ್ ಹಿಡಿತ ತಪ್ಪಿದರೆ ಹಲಗೆಯಿಂದ ಬಾಯಿ ಮುಚ್ಚಬೇಕು. ಕೈಯಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚಬಾರದು.

ಮೊದಲ ದಿನ ಹೊರೆಯಿಲ್ಲದೆ ಅರ್ಧ ಗಂಟೆ ನಡೆಸಿದರೆ ಸಾಕು. ಕಬ್ಬಿಣದ ಚೈನನ್ನು ಡಾಂಬರು ರಸ್ತೆಗೆ ಇಳಿಸಬೇಡಿ; ದೂರಕ್ಕೆ ಲಾರಿಯಲ್ಲೇ ಸಾಗಿಸಿರಿ.

ಮತ್ತೆ ನಿಲ್ಲಿಸುವಾಗ

ಚೈನಿನ ಕೆಳಗೆ ಹಲಗೆ ಹಾಸಿ, ಹೊಗೆ ಕೊಳವೆಗೆ ಡಬ್ಬಿ ಕವುಚಿ, ಕ್ಲಚ್ಚಿನ ಸನ್ನೆಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲಿಸಿರಿ. ತಿಂಗಳಿಗೊಮ್ಮೆ ಡಬ್ಬಿ ತೆಗೆದು, ಎಂಜಿನ್ ಚೆನ್ನಾಗಿ ಕಾಯುವಷ್ಟು ಹೊತ್ತು ನಡೆಸಿರಿ. ಕಟ್ಟಿಹಾಕಿದ ಎತ್ತಿಗೂ ಮೇವು, ನೀರು, ನಡಿಗೆ ತಪ್ಪಿಸಲಾಗದು. ಯಂತ್ರಕ್ಕೂ ಅಷ್ಟೇ.