ಹಡಗಿನ ಪಟ್ಟಿಯಲ್ಲಿ ಸಿಕ್ಕ ಅಜ್ಜಿ

ಹೊಸ ರೋಗಿಯೊಬ್ಬರು ಬಂದಾಗ ನಾವು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಕುಟುಂಬದ ಆರೋಗ್ಯದ ಚರಿತ್ರೆಯೂ ಒಂದು. ತಂದೆ ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡರು? ಅವರಿಗೆ ಒಡಹುಟ್ಟಿದವರು ಎಷ್ಟು ಮಂದಿ? ಎಳವೆಯಲ್ಲಿ ಅಳಿದವರು ಇದ್ದಾರೆಯೆ? ಕೆಲವು ವರ್ಷಗಳ ಹಿಂದೆ, ನ್ಯೂಜೆರ್ಸಿಯ ನನ್ನ ಚಿಕಿತ್ಸಾಲಯದಲ್ಲಿ, ಎಂಬತ್ತರ ಸಮೀಪದ ಇಟಲಿ ಮೂಲದ ಹಿರಿಯರೊಬ್ಬರು ಈ ಪ್ರಶ್ನೆಗಳಿಗೆ ನಗುತ್ತಲೇ ಉತ್ತರಿಸಿದರು. ತಂದೆಯೇ ಹಿರಿಯ ಮಗ, ಆಮೇಲೆ ಇಲ್ಲಿಯೇ ಹುಟ್ಟಿದ ಇಬ್ಬರು ಸೋದರತ್ತೆಯರು. ಅಜ್ಜ ಮೊದಲೇ ಅಮೆರಿಕಕ್ಕೆ ಬಂದು ಕೆಲಸ ಹಿಡಿದಿದ್ದರು. ಅಜ್ಜಿ 1912ರಲ್ಲಿ ನಾಲ್ಕು ವರ್ಷದ ಮಗನ ಕೈಹಿಡಿದು ನೇಪಲ್ಸ್‌ನಿಂದ ಹಡಗೇರಿದರು. “ಎಲಿಸ್ ದ್ವೀಪದ ಅಧಿಕಾರಿ ಅವರ ಹೆಸರನ್ನೇ ಬದಲಾಯಿಸಿಬಿಟ್ಟನಂತೆ, ಡಾಕ್ಟರೇ. ಅದಕ್ಕೇ ದಾಖಲೆಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ” ಎಂದರು.

ಮುಂದೆ ನಡೆದುದನ್ನು ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಇಲ್ಲಿ ಬರೆಯುತ್ತಿದ್ದೇನೆ.

ನ್ಯೂಯಾರ್ಕ್ ಬಂದರಿನಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆಗೆ ಸಮೀಪದಲ್ಲಿರುವ ಎಲಿಸ್ ದ್ವೀಪ 1892ರಿಂದ 1954ರವರೆಗೆ ವಲಸಿಗರ ತಪಾಸಣಾ ಕೇಂದ್ರವಾಗಿತ್ತು. ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ ಆ ಬಾಗಿಲನ್ನು ದಾಟಿ ಈ ದೇಶವನ್ನು ಹೊಕ್ಕರು. ಅವರನ್ನು ಕರೆತಂದ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನು 2001ರಿಂದ ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು.

ವೈದ್ಯನಾದ ನನಗೆ ಆ ದ್ವೀಪದ ಬಗ್ಗೆ ಮೊದಲಿನಿಂದಲೂ ಕುತೂಹಲ. ಮೇಲ್ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಕೆಳದರ್ಜೆಯವರು ದ್ವೀಪಕ್ಕೆ ಇಳಿದು ಸಾಲಾಗಿ ಸಾಗಬೇಕಿತ್ತು. ಸರ್ಕಾರಿ ವೈದ್ಯರು ಒಬ್ಬೊಬ್ಬರನ್ನು ಕೆಲವೇ ಕ್ಷಣ ದಿಟ್ಟಿಸಿ, ಅನುಮಾನ ಬಂದವರ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರ ಗೀಚುತ್ತಿದ್ದರು: ಹೃದಯದ ತೊಂದರೆಗೆ ಎಚ್, ಕುಂಟುನಡೆಗೆ ಎಲ್, ಕಣ್ಣಿನ ರೋಗಕ್ಕೆ ಇ. ಟ್ರಕೋಮಾ ಎಂಬ ಅಂಟುರೋಗವಿದೆಯೇ ಎಂದು ತಿಳಿಯಲು ಕಣ್ಣಿನ ರೆಪ್ಪೆಯನ್ನೇ ಮಗುಚಿ ನೋಡುತ್ತಿದ್ದರು. ಅದಿದ್ದವರನ್ನು ಹಿಂದಕ್ಕೆ ಕಳುಹಿಸಲು ಕಾನೂನಿನಲ್ಲಿ ಅವಕಾಶವಿತ್ತು. ಮರಳುವ ಪ್ರಯಾಣದ ವೆಚ್ಚ ಹಡಗಿನ ಕಂಪನಿಯ ತಲೆಗೆ. ಒಟ್ಟಾರೆ ತಿರಸ್ಕೃತರಾದವರು ನೂರಕ್ಕೆ ಇಬ್ಬರಷ್ಟೇ. ಆದರೆ ಸಾಲಿನಲ್ಲಿ ನಿಂತವರಿಗೆ ಆ ಲೆಕ್ಕ ತಿಳಿದಿರಲಿಲ್ಲ.

ಒಂದು ಭಾನುವಾರ ನಾನೂ ಆ ಹಿರಿಯರೂ ಅವರ ಮೊಮ್ಮಗಳೊಂದಿಗೆ ಕಂಪ್ಯೂಟರ್ ಮುಂದೆ ಕುಳಿತೆವು. ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಹೆಸರು ಬದಲಾದ ಕಥೆ. ಪಟ್ಟಿಯನ್ನು ಬರೆಯುತ್ತಿದ್ದವರು ಎಲಿಸ್ ದ್ವೀಪದವರಲ್ಲ, ಪ್ರಯಾಣ ಆರಂಭವಾಗುವ ಬಂದರಿನಲ್ಲಿದ್ದ ಹಡಗು ಕಂಪನಿಯ ಗುಮಾಸ್ತರು. ಇಲ್ಲಿನ ಅಧಿಕಾರಿ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದ, ಅಷ್ಟೆ. ಅಮೆರಿಕದಲ್ಲಿ ಹೆಸರುಗಳು ಬದಲಾದದ್ದು ಬಹುಮಟ್ಟಿಗೆ ಆಮೇಲೆ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಪೌರತ್ವದ ಅರ್ಜಿಯಲ್ಲಿ.

ಹಾಗಿದ್ದರೆ ಅಜ್ಜಿ ಏಕೆ ಸಿಗಲಿಲ್ಲ? ಅವರು ಹುಡುಕುತ್ತಿದ್ದದ್ದು ಅಜ್ಜನ ಮನೆತನದ ಹೆಸರಿನಲ್ಲಿ. ಇಟಲಿಯ ವಿವಾಹಿತ ಸ್ತ್ರೀಯರು ಸಾಮಾನ್ಯವಾಗಿ ತವರಿನ ಹೆಸರಿನಲ್ಲೇ ಪ್ರಯಾಣಿಸುತ್ತಿದ್ದರು. ತವರಿನ ಹೆಸರು ಹಿರಿಯರ ಬಳಿಯಿದ್ದ ಹಳೆಯ ಪ್ರಾರ್ಥನಾ ಪುಸ್ತಕದ ಮೊದಲ ಪುಟದಲ್ಲಿತ್ತು. ಅದನ್ನು ಬೆರಳಚ್ಚು ಮಾಡಿದರೂ ಫಲ ಸಿಗಲಿಲ್ಲ. ಶತಮಾನದ ಹಿಂದಿನ ಕೈಬರಹವನ್ನು ಗಣಕಕ್ಕೆ ಇಳಿಸಿದವರು ಯಾವುದೋ ಅಕ್ಷರವನ್ನು ಬೇರೆಯಾಗಿ ಓದಿರಬಹುದೆಂದು ಕಾಗುಣಿತವನ್ನು ಹಿಗ್ಗಿಸಿ ಕುಗ್ಗಿಸಿ ಪ್ರಯತ್ನಿಸಿದೆವು. ಒಂಬತ್ತನೆಯದೋ ಹತ್ತನೆಯದೋ ಸಲ ಒಂದು ಹೆಸರು ತೆರೆಯ ಮೇಲೆ ಮೂಡಿತು.

ಹೆಸರು ಹೊಂದಿದೊಡನೆ ಹಿಗ್ಗಬಾರದು. ಎಲಿಸ್ ದ್ವೀಪದಲ್ಲಿ ಮೊಟ್ಟಮೊದಲು ಕಾಲಿಟ್ಟ ಐರ್ಲೆಂಡಿನ ಆ್ಯನಿ ಮೂರ್‌ಳ ಕಥೆಯೇ ಇದಕ್ಕೆ ಸಾಕ್ಷಿ. ಆಕೆ ಟೆಕ್ಸಾಸಿಗೆ ಹೋಗಿ ಅಲ್ಲಿ ಅಪಘಾತದಲ್ಲಿ ಮಡಿದಳೆಂದು ದಶಕಗಳ ಕಾಲ ನಂಬಲಾಗಿತ್ತು. ಆ ಮಹಿಳೆ ಅಮೆರಿಕದಲ್ಲೇ ಹುಟ್ಟಿದ, ಅದೇ ಹೆಸರಿನ ಬೇರೊಬ್ಬಳೆಂದು 2006ರಲ್ಲಿ ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಪ್ರಕಟಿಸಿದರು. ನಿಜವಾದ ಆ್ಯನಿ ನ್ಯೂಯಾರ್ಕಿನಲ್ಲೇ ಬಾಳಿ 1924ರಲ್ಲಿ ತೀರಿಕೊಂಡಿದ್ದಳು. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರೆ ನಾವು ಜನ್ಮದಿನಾಂಕ ನೋಡದೆ ಔಷಧಿ ಕೊಡುವುದಿಲ್ಲ. ಇಲ್ಲಿಯೂ ಅದೇ ನಿಯಮ: ವಯಸ್ಸು, ಹುಟ್ಟಿದ ಊರು, ಸೇರಬೇಕಾದ ಬಂಧುವಿನ ವಿಳಾಸ ಹೊಂದಬೇಕು. ಈ ಎಲ್ಲ ವಿವರಗಳಿಗೂ ಆ ಕಾಲದ ಪಟ್ಟಿಯಲ್ಲಿ ಒಂದೊಂದು ಅಂಕಣವಿದೆ. ಎತ್ತರ, ಮೈಬಣ್ಣ, ಕೈಯಲ್ಲಿರುವ ಹಣ, ಆರೋಗ್ಯದ ಸ್ಥಿತಿಗೂ ಇವೆ. ಹಿರಿಯರು ಬೆರಳಿಟ್ಟು ಒಂದೊಂದನ್ನೇ ಓದಿದರು. ಊರು ಹೊಂದಿತು. ಅಜ್ಜನ ವಿಳಾಸವೂ ಹೊಂದಿತು. ಕೆಳಗಿನ ಸಾಲಿನಲ್ಲಿ ನಾಲ್ಕು ವರ್ಷದ ಮಗ, ಅಂದರೆ ಅವರ ತಂದೆ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಎಂಟು ತಿಂಗಳ ಗಂಡುಮಗು.

ಹಿರಿಯರು ಮಾತಾಡಲಿಲ್ಲ. ಪಟ್ಟಿಯ ಕೊನೆಯ ಪುಟಗಳಲ್ಲಿ, ತಡೆಹಿಡಿದವರ ಪ್ರತ್ಯೇಕ ದಾಖಲೆ ಇರುತ್ತದೆ. ಏಕೆ ತಡೆದರು, ಎಷ್ಟು ಹೊತ್ತಿನ ಊಟ ಕೊಟ್ಟರು ಎಂಬುದೂ ಅದರಲ್ಲಿದೆ. ಅಲ್ಲಿ ಅಜ್ಜಿಯ ಹೆಸರಿನ ಎದುರು ಕಾರಣ ಹೀಗಿತ್ತು: ಮಗು ಆಸ್ಪತ್ರೆಯಲ್ಲಿ. ದ್ವೀಪದಲ್ಲೇ ದೊಡ್ಡ ಆಸ್ಪತ್ರೆಯಿತ್ತು, ಅಂಟುರೋಗಗಳಿಗೆ ಬೇರೆ ವಾರ್ಡುಗಳಿದ್ದವು. ಅಲ್ಲಿ ತೀರಿಕೊಂಡವರು ಸುಮಾರು 3,500 ಮಂದಿ, ಅವರಲ್ಲಿ ಅನೇಕರು ಮಕ್ಕಳು. ಕೆಲವು ವಾರಗಳ ಬಳಿಕ ಮೊಮ್ಮಗಳು ನ್ಯೂಯಾರ್ಕ್ ನಗರದ ದಾಖಲಾಗಾರದಿಂದ ಮರಣಪತ್ರದ ಪ್ರತಿ ತರಿಸಿದಳು. ಕಾರಣ ದಡಾರ, ಅದರಿಂದ ಬಂದ ನ್ಯುಮೋನಿಯಾ. ಇಂದು ಒಂದು ಲಸಿಕೆಯಿಂದ ತಪ್ಪಿಸಬಹುದಾದ ಸಾವು.

“ಅಜ್ಜಿ ಎಂದೂ ಆ ದ್ವೀಪಕ್ಕೆ ನಮ್ಮ ಜೊತೆ ಬರಲಿಲ್ಲ. ದೋಣಿ ಕಂಡರೆ ಹೆದರಿಕೆ ಎನ್ನುತ್ತಿದ್ದರು” ಎಂದರು ಹಿರಿಯರು. ನನ್ನ ಕಡತದಲ್ಲಿ ತಂದೆಯ ಒಡಹುಟ್ಟಿದವರು ಇಬ್ಬರು ಎಂದಿದ್ದುದನ್ನು ಮೂವರು ಎಂದು ತಿದ್ದಿಸಿದರು. ಅವರ ಚಿಕಿತ್ಸೆಯಲ್ಲಿ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ನನಗೆ ನಮ್ಮವರ ಯೋಚನೆ ಬಂತು. ನಾವು ಬಂದದ್ದು ವಿಮಾನದಲ್ಲಿ, ಕಾಗದಪತ್ರಗಳಿಗೆ ಕೊರತೆಯಿಲ್ಲ. ಆದರೆ ಹೆಸರುಗಳ ಗೋಜಲು ನಮ್ಮಲ್ಲೇನು ಕಡಿಮೆಯೆ? ಊರಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್‌ಗಳಿದ್ದವು. ಇಲ್ಲಿನ ಅರ್ಜಿಗೆ ಕುಲನಾಮ ಬೇಕಾದಾಗ ನಾನು ಊರಿನ ಹೆಸರನ್ನು ಬರೆದೆ. ತಮ್ಮ ಅಪ್ಪನ ಹೆಸರನ್ನು ಬರೆದ. ಒಂದೇ ತಾಯಿಯ ಮಕ್ಕಳಾದ ನಾವು ಕಾಗದದಲ್ಲಿ ಬೇರೆ ಬೇರೆ ಮನೆತನದವರು. ಇನ್ನು ಹೆಂಗಸರ ವಿಷಯ. ಮದುವೆಯ ದಿನವೇ ಹೊಸ ಹೆಸರಿಡುವ ವಾಡಿಕೆ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಅಜ್ಜಿಯ ತವರಿನ ಹೆಸರನ್ನು ಯಾವ ಹಡಗಿನ ಗುಮಾಸ್ತನೂ ಬರೆದಿಟ್ಟಿಲ್ಲ.

ವಂಶದ ಹುಡುಕಾಟವನ್ನು ದಾಖಲೆಯಿಂದಲ್ಲ, ಮನೆಯ ಹಿರಿಯರಿಂದ ಆರಂಭಿಸಬೇಕೆಂದು ತಿಳಿದವರೆಲ್ಲ ಹೇಳುತ್ತಾರೆ. ಪ್ರಾರ್ಥನಾ ಪುಸ್ತಕದ ಆ ಒಂದು ಪುಟವಿಲ್ಲದಿದ್ದರೆ ಹಿರಿಯರಿಗೂ ದಾರಿ ತೆರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿ, “ಅಮ್ಮಾ, ನಿಮ್ಮ ಅಮ್ಮನಿಗೆ ತವರಿನಲ್ಲಿ ಏನೆಂದು ಕರೆಯುತ್ತಿದ್ದರು?” ಎಂದು ಕೇಳಿದೆ. “ಈಗ ಯಾಕೋ ಅದೆಲ್ಲ?” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರದ ಹೆಸರೊಂದನ್ನು ಹೇಳಿದರು. ಅದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಊರು ಮತ್ತು ಅಂದಾಜು ಇಸವಿ ಸೇರಿಸಿ, ಮಕ್ಕಳಿಬ್ಬರಿಗೂ ಕಳುಹಿಸಿದೆ.