ಪದವಿ ತರಗತಿಯ ಸಂಶೋಧನೆ: ಕಡತದಿಂದ ಕುಟುಂಬದವರೆಗೆ

ಬಿ.ಎ., ಬಿ.ಎಸ್ಸಿ. ಓದುವ ವಿದ್ಯಾರ್ಥಿ ಅಧ್ಯಾಪಕರ ಮಾರ್ಗದರ್ಶನದಲ್ಲಿ ತನ್ನದೇ ಪ್ರಶ್ನೆಯೊಂದಕ್ಕೆ ಮೂಲ ಆಕರಗಳಿಂದ ಉತ್ತರ ಹುಡುಕುವುದೇ ಪದವಿ ಹಂತದ ಸಂಶೋಧನೆ. ಅಮೆರಿಕದ ಎಂಐಟಿ ಸಂಸ್ಥೆ 1969ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕನೇ ವರ್ಷದ ಪದವಿ ವ್ಯಾಸಂಗದಲ್ಲಿ ಇದಕ್ಕೆ ಅವಕಾಶ ನೀಡಿತು.

ಸಂವಿಧಾನದ ಇತಿಹಾಸದಲ್ಲಿ ಇಂಥ ಕೆಲಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಗ್ರೆಗರಿ ವಾಟ್ಸನ್ ಸಾಕ್ಷಿ. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿ ಓದುತ್ತಿದ್ದ ಅವರ ಕಣ್ಣಿಗೆ ಅಮೆರಿಕ ಸಂವಿಧಾನದ 1789ರ ತಿದ್ದುಪಡಿ ಪ್ರಸ್ತಾವವೊಂದು ಬಿತ್ತು. ಸಂಸತ್ತಿನ ಸದಸ್ಯರ ವೇತನ ಬದಲಾವಣೆ ಮುಂದಿನ ಚುನಾವಣೆಯ ನಂತರವೇ ಜಾರಿಯಾಗಬೇಕು ಎಂಬುದು ಅದರ ಸಾರ. ಜೇಮ್ಸ್ ಮ್ಯಾಡಿಸನ್ ಮಂಡಿಸಿದ್ದ ಈ ಪ್ರಸ್ತಾವಕ್ಕೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿರಲಿಲ್ಲ. ಆದರೆ ಒಪ್ಪಿಗೆಗೆ ಗಡುವನ್ನೂ ವಿಧಿಸಿರಲಿಲ್ಲ. ಆದ್ದರಿಂದ ಅದಕ್ಕೆ ಇನ್ನೂ ಜೀವವಿದೆ ಎಂದು ವಾಟ್ಸನ್ ವಾದಿಸಿದರು. ಆ ಪ್ರಬಂಧಕ್ಕೆ ಸಿಕ್ಕಿದ್ದು ‘ಸಿ’ ಶ್ರೇಣಿ. ಅವರು ಅಲ್ಲಿಗೇ ಬಿಡದೆ ರಾಜ್ಯಗಳ ಶಾಸಕರಿಗೆ ಪತ್ರ ಬರೆಯತೊಡಗಿದರು. 1983ರಲ್ಲಿ ಮೇನ್, 1984ರಲ್ಲಿ ಕೊಲರಾಡೊ ಒಪ್ಪಿದವು; ಬಳಿಕ ಒಂದೊಂದಾಗಿ ಇತರ ರಾಜ್ಯಗಳೂ ಸೇರಿಕೊಂಡವು. 1992ರ ಮೇ ತಿಂಗಳಲ್ಲಿ ಅದು ಅಮೆರಿಕ ಸಂವಿಧಾನದ 27ನೇ ತಿದ್ದುಪಡಿಯಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಅವರ ಶ್ರೇಣಿಯನ್ನು ‘ಎ’ಗೆ ಏರಿಸಿತು.

ಭಾರತದ ವಿದ್ಯಾರ್ಥಿಗಳಿಗೂ ಆಕರಗಳ ಕೊರತೆಯಿಲ್ಲ. 1946ರ ಡಿಸೆಂಬರ್ 9ರಂದು ಮೊದಲ ಬಾರಿ ಸೇರಿದ ಸಂವಿಧಾನ ರಚನಾ ಸಭೆಯ ಚರ್ಚೆಗಳು ಸಂಪುಟಗಳಾಗಿ ಮುದ್ರಣಗೊಂಡಿವೆ. ಒಂದೇ ವಿಧಿಯ ಕರಡು, ಅದಕ್ಕೆ ಬಂದ ತಿದ್ದುಪಡಿಗಳು, ಸದಸ್ಯರ ಆಕ್ಷೇಪಗಳು, ಅಂತಿಮ ರೂಪ ಇವಿಷ್ಟನ್ನು ಸಾಲಾಗಿಟ್ಟು ಓದಿದರೆ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿಯಿದೆ. ಕರ್ನಾಟಕದವರಿಗೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯೂ ಒಳ್ಳೆಯ ವಿಷಯ.

ಆಕರ ಯಾವಾಗಲೂ ಕಡತವೇ ಆಗಬೇಕಿಲ್ಲ; ಉದಾಹರಣೆಗೆ, ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೆ ಸಿಗುವ ನೆರವಿನ ಅಧ್ಯಯನದಲ್ಲಿ ಆಕರವೆಂದರೆ ಜನರೇ. ಕಾನೂನಿನಲ್ಲಿರುವುದು ಮನೆಯವರೆಗೆ ತಲುಪಿದೆಯೇ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಆಟಿಸಂ ಸೇರಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಗುರುತಿಸಿದೆ. ನ್ಯಾಸದ ‘ನಿರಾಮಯ’ ಯೋಜನೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಕೊಡುತ್ತದೆ. ಮಕ್ಕಳಿಗೆ 18 ತುಂಬಿದ ಮೇಲೆ ಪೋಷಕತ್ವಕ್ಕಾಗಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಈ ಸೌಲಭ್ಯಗಳ ಬಗ್ಗೆ ತಂದೆತಾಯಿಗೆ ಯಾರು ಹೇಳಿದರು, ಯಾವ ಕಚೇರಿಗೆ ಅಲೆಯಬೇಕಾಯಿತು, ಒಡಹುಟ್ಟಿದವರ ಪಾಲಿಗೆ ಬಂದ ಹೊಣೆ ಯಾವುದು ಎಂಬುದನ್ನು ಕೆಲವೇ ಕುಟುಂಬಗಳಿಂದ ತಿಳಿದರೂ ಉಪಯುಕ್ತ ವರದಿ ಸಿದ್ಧವಾಗುತ್ತದೆ.

ಈ ಕೆಲಸಕ್ಕೆ ಶಿಸ್ತು ಬೇಕು. ಕಾಲೇಜಿನ ನೈತಿಕ ಪರಿಶೀಲನೆ, ಕುಟುಂಬದ ಲಿಖಿತ ಒಪ್ಪಿಗೆ, ಹೆಸರಿನ ಗೋಪ್ಯತೆ ಕಡ್ಡಾಯ. ಮಗುವಿನ ದಿನಚರಿ ಕದಡದಂತೆ ಭೇಟಿಯ ಹೊತ್ತನ್ನು ಮನೆಯವರೇ ಗೊತ್ತುಮಾಡಬೇಕು. ಮಾತನಾಡಬಲ್ಲ, ಬರೆಯಬಲ್ಲ, ಆಟಿಸಂ ಇರುವ ವ್ಯಕ್ತಿಗಳ ಅಭಿಪ್ರಾಯವನ್ನು ಅವರಿಂದಲೇ ಪಡೆಯಬೇಕು. ವರದಿಯ ಸಾರವನ್ನು ಸರಳ ಕನ್ನಡದಲ್ಲಿ ಆ ಕುಟುಂಬಗಳಿಗೆ ಮರಳಿ ಕೊಟ್ಟಾಗಲೇ ಸಂಶೋಧನೆ ಪೂರ್ಣವಾಗುತ್ತದೆ.