ಸಾಗಣೆಯ ಪದಗಳು: ಹೊಣೆ ಎಲ್ಲಿ ಮುಗಿಯುತ್ತದೆ?

ಅಮೆರಿಕದಿಂದ ಬೆಂಗಳೂರಿಗೆ ಮರಳುವ ಗೆಳೆಯರು ಸಾಗಣೆ ಕಂಪನಿಯ ಒಪ್ಪಂದಪತ್ರ ಹಿಡಿದು ನನ್ನಲ್ಲಿಗೆ ಬರುವುದುಂಟು. ಅದರ ಪದಗಳು ಮೊದಲಿಗೆ ಗೊಂದಲ ಹುಟ್ಟಿಸುತ್ತವೆ. ಕೂತು ಓದಿದರೆ ಹೆಚ್ಚಿನವು ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ಈ ಹಂತದಲ್ಲಿ ಖರ್ಚು ಯಾರದು, ಹೊಣೆ ಯಾರದು?

ಮೊದಲು ಅಳತೆ. ಹಡಗಿನ ದರವನ್ನು ಸಾಮಾನ್ಯವಾಗಿ ಸಾಮಾನು ಹಿಡಿಯುವ ಜಾಗದ ಮೇಲೆ ಲೆಕ್ಕ ಹಾಕುತ್ತಾರೆ. 20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನಮೀಟರ್ ಜಾಗವಿದೆ. 40 ಅಡಿಯದರಲ್ಲಿ ಸುಮಾರು 67. ಇಡೀ ಕಂಟೇನರ್ ನಮ್ಮದೇ ಆದರೆ ‘ಎಫ್‌ಸಿಎಲ್’, ಇತರರೊಡನೆ ಹಂಚಿಕೊಂಡರೆ ‘ಎಲ್‌ಸಿಎಲ್’. ಎರಡನೆಯದರಲ್ಲಿ ಕಾಯುವುದೂ ಹೆಚ್ಚು, ಪೆಟ್ಟಿಗೆಗಳನ್ನು ಎತ್ತಿ ಇಳಿಸುವುದೂ ಹೆಚ್ಚು.

‘ಡೋರ್ ಟು ಪೋರ್ಟ್’ ದರ ಅಗ್ಗವೆಂದು ತೋರುತ್ತದೆ. ಆದರೆ ಬಂದರಿನ ಶುಲ್ಕ, ಕಸ್ಟಮ್ಸ್ ಕೆಲಸ, ಮನೆವರೆಗಿನ ಲಾರಿ ಎಲ್ಲವೂ ನಮ್ಮ ತಲೆಗೆ. ಬೆಂಗಳೂರಿಗೆ ಸಮುದ್ರವಿಲ್ಲ, ಚೆನ್ನೈಯಲ್ಲಿ ಇಳಿದ ಕಂಟೇನರ್ ರೈಲಿನಲ್ಲಿ ವೈಟ್‌ಫೀಲ್ಡಿನ ಒಳನಾಡು ಡಿಪೋಗೆ ಬರುವುದುಂಟು. ಹಾಗಾಗಿ ‘ಪೋರ್ಟ್’ ಎಂದರೆ ಯಾವ ಊರು ಎಂದು ಮೊದಲೇ ಕೇಳಿ.

‘ಡೆಮರೇಜ್’ ಮತ್ತು ‘ಡಿಟೆನ್ಷನ್’ ಅವಳಿ ಪದಗಳು. ಉಚಿತ ದಿನಗಳು ಮುಗಿದರೂ ತುಂಬಿದ ಕಂಟೇನರ್ ಬಂದರಿನಲ್ಲೇ ಉಳಿದರೆ ಮೊದಲನೆಯದು; ಹೊರಗೆ ತಂದ ಕಂಟೇನರನ್ನು ಖಾಲಿ ಮಾಡಿ ಹಿಂತಿರುಗಿಸಲು ತಡವಾದರೆ ಎರಡನೆಯದು. ಎರಡೂ ದಿನದ ಲೆಕ್ಕದಲ್ಲಿ ಬೆಳೆಯುತ್ತವೆ. ನಿಮ್ಮ ಕಾಗದಪತ್ರ ತಡವಾದರೂ ಈ ಗಡಿಯಾರ ನಿಲ್ಲುವುದಿಲ್ಲ.

ದಾಸ್ತಾನಿಗೂ ಗಡಿಯಿದೆ. ‘ಸ್ಟೋರೇಜ್ ಇನ್ ಟ್ರಾನ್ಸಿಟ್’ ಎಂದರೆ ಪಯಣದ ನಡುವಿನ ತಾತ್ಕಾಲಿಕ ತಂಗುದಾಣ. ಅವಧಿ ಮೀರಿದರೆ ಸಾಗಣೆದಾರರ ಹೊಣೆ ಮುಗಿದು ಗೋದಾಮಿನ ನಿಯಮಗಳು ಶುರುವಾಗಬಹುದು. ಆ ದಿನಾಂಕವನ್ನು ಬರೆಸಿಕೊಳ್ಳಿ.

ಸಾಮಾನು ಪಟ್ಟಿಯಲ್ಲಿ ‘ಪಿಬಿಒ’ ಎಂಬ ಮೂರಕ್ಷರ ಇದ್ದರೆ ಆ ಪೆಟ್ಟಿಗೆಯನ್ನು ಮನೆಯವರೇ ಕಟ್ಟಿದ್ದಾರೆ ಎಂದರ್ಥ. ಅಂಥ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಮ್ಮ ಮನೆಯ ವೀಣೆಯನ್ನು ಕಂಪನಿಯವರೇ ಕಟ್ಟಿದ್ದರೂ ಪಟ್ಟಿಯಲ್ಲಿ ಪಿಬಿಒ ಎಂದಿತ್ತು. ತಿದ್ದಿಸಿದ ಮೇಲೆಯೇ ನಾನು ಸಹಿ ಮಾಡಿದ್ದು.

ಕೊನೆಯದು ‘ಜನರಲ್ ಆವರೇಜ್’. ಅಪಾಯದಲ್ಲಿರುವ ಹಡಗನ್ನು ಉಳಿಸಲು ಮಾಡಿದ ಖರ್ಚನ್ನು ಅದರಲ್ಲಿ ಸರಕಿಟ್ಟ ಎಲ್ಲರೂ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ನಿಯಮ ಇದು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಮಾಲೀಕರು ಇದನ್ನೇ ಘೋಷಿಸಿದರು. ಇಂಥ ಹೊತ್ತಿನಲ್ಲಿ ನಿಮ್ಮ ಪೆಟ್ಟಿಗೆಗೆ ಗೀರೂ ಬೀಳದಿದ್ದರೂ ಭದ್ರತಾ ಪತ್ರ ಕೊಡದೆ ಅದು ಕೈಸೇರದು. ನಿಮ್ಮ ಸಾಗರ ವಿಮೆ ಇದನ್ನು ಭರಿಸುತ್ತದೆಯೇ ಎಂದು ಪಾಲಿಸಿಯಲ್ಲೇ ನೋಡಿ.

ದರಪಟ್ಟಿ ಹೋಲಿಸುವಾಗ ಮೊತ್ತಕ್ಕಿಂತ ಮೊದಲು ಹೊಣೆಯ ಗಡಿಗಳನ್ನು ಹೋಲಿಸಿ. ಬಾಯಿಮಾತಿನ ಭರವಸೆ ಏನೇ ಇದ್ದರೂ ಕಡೆಗೆ ಲೆಕ್ಕಕ್ಕೆ ಬರುವುದು ಕಾಗದದಲ್ಲಿರುವ ಪದ.